ನೀಲಿ ಥಾನು

ನೊಣ ಹಿಡಿಯುವವನು ಬಂದಾಗ ದರ್ಜಿ ಅಕ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ನದಿದಂಡೆಯ ಪೊದೆಗಳಲ್ಲಿ ಬಲೆ ಕಟ್ಟಿ, ರಕ್ತ ಹೀರುವ ನೊಣಗಳನ್ನು ಎಣಿಸುವುದು ಅವನ ಕೆಲಸ. ಎಲ್ಲರೂ ಅವನನ್ನು ನೊಣದ ಮೇಷ್ಟ್ರು ಎನ್ನುತ್ತಿದ್ದರು. ಅವನು ಹರಿದ ಬಲೆಯೊಂದನ್ನು ಮೇಜಿನ ಮೇಲೆ ಹರಡಿದ. ಮೇಲ್ಗಡೆ ಬಿಳಿ ಪರದೆ, ಕೆಳಗೆ ನೀಲಿ ಬಟ್ಟೆ.

"ಇಂಥವು ಇಪ್ಪತ್ತು ಬೇಕು ಅಕ್ಕ. ಬಣ್ಣ ಮಾತ್ರ ಇದೇ ಇರಬೇಕು."

ಅಕ್ಕ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಅದೇ ನೀಲಿ ಬಟ್ಟೆಯ ಥಾನು ಅವಳ ಕಪಾಟಿನಲ್ಲೇ ಇತ್ತು. ಪೊದೆ ಕಡಿಸುವ ಕಂಪನಿಯ ಆಳುಗಳಿಗೆ ಆರು ವರ್ಷದಿಂದ ಸಮವಸ್ತ್ರ ಹೊಲಿಯುತ್ತಿದ್ದವಳು ಅವಳೇ.

"ಯಾಕೆ ಇದೇ ಬಣ್ಣ?"

"ಈ ನೊಣಕ್ಕೆ ನೀಲಿ ಕಂಡ್ರೆ ಸಾಕು, ದೂರದಿಂದ ಹುಡುಕ್ಕೊಂಡು ಬರುತ್ತೆ. ಗಂಡು ಹೆಣ್ಣು ಎರಡೂ ರಕ್ತಾನೇ ಕುಡಿಯೋದು. ಅದೂ ಹಾಡಹಗಲಲ್ಲಿ, ಬಟ್ಟೆ ಮೇಲಿಂದಾನೇ ಚುಚ್ಚಿಬಿಡುತ್ತೆ." ಪಾಠ ಹೇಳುವ ಹುರುಪಿನಲ್ಲಿದ್ದವನು ಕಪಾಟಿನ ನೀಲಿ ಥಾನಿನತ್ತ ನೋಡಿ ತಟ್ಟನೆ ಬಾಯಿ ಮುಚ್ಚಿದ.

ಒಳಕೋಣೆಯಲ್ಲಿ ಅವಳ ತಮ್ಮ ಮಲಗಿದ್ದ. ಅದೇ ಕಂಪನಿಯಲ್ಲಿ ಪೊದೆ ಕಡಿಯುತ್ತ ಗುಂಪನ್ನೆಲ್ಲ ನಗಿಸುತ್ತಿದ್ದವನು ಎರಡು ತಿಂಗಳಿಂದ ತುತ್ತು ಬಾಯಲ್ಲಿರುವಾಗಲೇ ತೂಕಡಿಸುತ್ತಿದ್ದ. ಸೋಮಾರಿ ಎಂದು ಅವಳೂ ಬೈದಿದ್ದಳು. ಕೊನೆಗೆ ಆಸ್ಪತ್ರೆಯವರು, ನೊಣ ಕಚ್ಚಿದಾಗ ರಕ್ತಕ್ಕಿಳಿದ ಪರೋಪಜೀವಿ ಮಿದುಳಿಗೂ ಹತ್ತಿದೆ, ಈ ನಿದ್ದೆ ಅದರದೇ ಎಂದಿದ್ದರು.

"ಬಣ್ಣದ ವಿಷಯ ನಿಮಗೆ ಯಾವಾಗಿಂದ ಗೊತ್ತು?"

"ಮೂರು ವರ್ಷದ ಹಿಂದೇನೇ ಕಂಪನಿಗೆ ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ."

"ಆಮೇಲೆ?"

"ಅವರ ಜಾಗದಲ್ಲೇ ನಾನು ಬಲೆ ಕಟ್ಟೋದು. ಬರಬೇಡ ಅಂದುಬಿಟ್ರೆ..."

"ಅಂತೂ ನೊಣ ಎಣಿಸಿದ್ರಿ. ಕಚ್ಚಿಸ್ಕೊಂಡೋರನ್ನ ಯಾರು ಎಣಿಸ್ತಾರೆ?"

ಅಕ್ಕ ಆ ಬಲೆಯನ್ನೂ ಬೆಳಗ್ಗೆ ಗುಂಡಿ ಹಾಕಿ ಮುಗಿಸಿದ್ದ ನೀಲಿ ಅಂಗಿಯನ್ನೂ ಬಗಲಿಗಿಟ್ಟುಕೊಂಡು ಕಂಪನಿಯ ಕಚೇರಿಗೆ ನಡೆದಳು. ಮ್ಯಾನೇಜರನ ಕಿಟಕಿಗೆ ಒತ್ತೊತ್ತಾದ ಜಾಲರಿ ಬಿಗಿದಿತ್ತು. ಎರಡನ್ನೂ ಅವನ ಮುಂದೆ ಹಾಕಿದಳು.

"ಇದರಲ್ಲಿ ಬಲೆ ಯಾವುದು, ಅಂಗಿ ಯಾವುದು, ನೀವೇ ಹೇಳಿ."

ಅವಳು ಹೇಳಿದ್ದನ್ನೆಲ್ಲ ಅವನು ಪೆನ್ನು ತಿರುಗಿಸುತ್ತ ಕೇಳಿಸಿಕೊಂಡ. "ನೀಲಿ ಆದ್ರೆ ಕೊಳೆ ಕಾಣಲ್ಲ. ನೀನು ಅಳತೆ ಸರಿಯಾಗಿ ನೋಡ್ಕೋ, ಸಾಕು."

"ನಿಮ್ಮ ಅಂಗಿ ಮಾತ್ರ ಬಿಳಿ."

"ನಾನೇನು ಪೊದೆಗೆ ಹೋಗ್ತೀನಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರನ್ನು ಎಳೆದುಕೊಂಡೇ ಬಂದು, ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತಳು. ನಲವತ್ತು ಜನ ನೀಲಿ ಅಂಗಿಯಲ್ಲಿ ಹೊರಬಂದರು. ಒಂದೊಂದು ತೋಳೂ ಅವಳೇ ಕತ್ತರಿಸಿದ್ದು. ವಿಷಯ ತಿಳಿಸಿದಾಗ ಒಬ್ಬ ನಕ್ಕ: "ನೊಣಕ್ಕೂ ಬಣ್ಣದ ಶೋಕಿನಾ ಅಕ್ಕ?"

"ಮೇಷ್ಟ್ರೇ, ಹೇಳಿ," ಎಂದಳು, ಅವನ ತೋಳು ಬಿಡದೆ.

ಅವನು ಮೆಲ್ಲಗೆ ಹೇಳಿದ. ಬಿಳಿ ಬಟ್ಟೆಯ ಬಲೆಯಲ್ಲಿ ದಿನಕ್ಕೆ ನಾಲ್ಕೈದು ನೊಣ, ನೀಲಿಯದರಲ್ಲಿ ತೊಂಬತ್ತು. ನಕ್ಕವನೇ ಮೊದಲು ಗುಂಡಿ ಬಿಚ್ಚಿ, ಅಂಗಿಯನ್ನು ಗೇಟಿನ ಸರಳಿಗೆ ನೇತುಹಾಕಿ, ಬರೀ ಬನಿಯನಿನಲ್ಲಿ ಮನೆಗೆ ಹೋದ.

ಮರುದಿನ ಎಲ್ಲರೂ ಮನೆಯ ಬಟ್ಟೆಯಲ್ಲೇ ಬಂದರು. ಕಾವಲುಗಾರ ಒಳಗೆ ಬಿಡಲಿಲ್ಲ. ನಾಲ್ಕು ದಿನ ದಂಡೆಯಲ್ಲಿ ಒಂದು ಮಚ್ಚಿನ ಸದ್ದೂ ಇಲ್ಲ. ಐದನೆಯ ದಿನ ಗೋಡೆಗೆ ಸೂಚನೆ ಅಂಟಿಸಿದರು: ನೀಲಿ ಬಟ್ಟೆ ಬೇಗ ಬಣ್ಣಗೆಡುವುದರಿಂದ ಇನ್ನು ಮುಂದೆ ಮಣ್ಣುಬಣ್ಣದ ಸಮವಸ್ತ್ರ. ನೊಣದ ಮಾತಿಲ್ಲ, ಕಾಯಿಲೆ ಬಿದ್ದವರ ಮಾತೂ ಇಲ್ಲ. ಆಳುಗಳು ಗೆದ್ದೆವೆಂದು ಅಕ್ಕನ ಬೆನ್ನು ತಟ್ಟಿದರು. ಅವಳು ಸೂಚನೆಯನ್ನು ಎರಡು ಸಲ ಓದಿ ಮನೆಗೆ ಬಂದಳು.

ಹೊಸ ಬಟ್ಟೆ ಹೊಲಿಯಲೇಬೇಕಿತ್ತು. ಬೇಕಾಗಿದ್ದದ್ದು ಕಂಪನಿಗಲ್ಲ, ಆ ನಲವತ್ತು ಮೈಗಳಿಗೆ. ಪೆಡಲನ್ನು ಒದ್ದು ಒದ್ದು ತುಳಿದಳು. ಮೂರು ಸೂಜಿ ಮುರಿದವು. ನಾಲ್ಕನೆಯದನ್ನು ಸಿಕ್ಕಿಸುವಾಗ ತಮ್ಮ ಗೋಡೆ ಹಿಡಿದುಕೊಂಡು ಬಂದು ನಿಂತ.

"ಎಲ್ಲರದ್ದೂ ಹೊಲೀತಿದ್ದೀಯ. ನನ್ನ ಅಳತೆ ಯಾವಾಗ?"

ಅಕ್ಕ ಟೇಪು ತೆಗೆದು ಅವನ ಎದೆಗೆ ಸುತ್ತಿದಳು. ನಾಲ್ಕು ಬೆರಳು ಕಡಿಮೆ ಬಂತು.

"ಎಷ್ಟಿದೆ?"

"ಮೊದಲಿನಷ್ಟೇ," ಎಂದಳು. ಅವನಿಗೆ ಅದು ಕೇಳಿಸಲಿಲ್ಲ. ಅವಳ ಹೆಗಲ ಮೇಲೆ ತಲೆಯಿಟ್ಟು ನಿಂತಲ್ಲೇ ನಿದ್ದೆಹೋಗಿದ್ದ.