ಬೂದು ಕುದುರೆ ಹಿಡಿದ ದಾರಿ

ಕಣಿವೆಯ ರಸ್ತೆಯ ಮೇಲೆ ಹಿಮ ಕುಸಿದು ಮೂರು ದಿನವಾಗಿತ್ತು. ಆಸ್ಪತ್ರೆ ಸೇರಬೇಕೆಂದರೆ ಬೆಟ್ಟ ಹತ್ತಿ ಆಚೆ ಇಳಿಯಬೇಕು. ಬುರುಲ್‌ಳ ಆರು ವರ್ಷದ ಮಗಳು ಝಿಬೆಕ್ ನಿನ್ನೆಯಿಂದ ಹೊಟ್ಟೆಯ ಬಲಗಡೆ ಒತ್ತಿಹಿಡಿದುಕೊಂಡು ನರಳುತ್ತಿದ್ದಳು. ಗಂಡ ಕುರಿಗಳೊಂದಿಗೆ ದೂರದ ಹಟ್ಟಿಯಲ್ಲಿದ್ದ. ಮಾವ ಸಾದಿರ್ ಬೂದು ಕುದುರೆಗೆ ಜೀನು ಬಿಗಿದು, ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿದ.

ಕಣಿವೆಬಾಯಿ ದಾಟುವಷ್ಟರಲ್ಲಿ ಗಾಳಿ ಹಿಮವನ್ನು ಎಬ್ಬಿಸಿತು. ಕುದುರೆಯ ಕಿವಿಯೂ ಕಾಣದಾಯಿತು. ಸಾದಿರ್ ಲಗಾಮನ್ನು ಅದರ ಕುತ್ತಿಗೆಯ ಮೇಲೆ ಸಡಿಲ ಬಿಟ್ಟ.

"ಇನ್ಮೇಲೆ ಇವಳೇ ಯಜಮಾನಿ. ನಾವು ಹಿಂದೆ ಹೋಗೋದಷ್ಟೇ."

ಕಣ್ಣು ಸೋತಾಗ ಆ ಕಡೆಯ ಜನ ಮಾಡುವುದೇ ಹಾಗೆ. ಅವನು ಮೊಮ್ಮಗಳ ಕಾಲು ಹಿಡಿದು ನಡೆದ, ಬುರುಲ್ ಬಾಲ ಹಿಡಿದಳು. ಬೆಳಗಿನಿಂದ ಗಾಳಿ ಅವಳ ಎಡಗೆನ್ನೆಗೆ ಹೊಡೆಯುತ್ತಿತ್ತು. ಈಗ ಬಲಗೆನ್ನೆ ಉರಿಯತೊಡಗಿತು. ಭ್ರಮೆಯಿರಬಹುದೆಂದು ನೂರು ಹೆಜ್ಜೆ ಎಣಿಸಿದಳು. ಬಲಗೆನ್ನೆಯೇ.

"ಮಾವ, ಗಾಳಿ ಈ ಕಡೆಯಿಂದ ಬರ್ತಿದೆ."

"ಗಾಳಿಗೇನಮ್ಮ, ನಿಮ್ಮತ್ತೆ ಸಿಟ್ಟಿನ ಥರ, ಎತ್ತ ಬೇಕಾದ್ರೂ ತಿರುಗತ್ತೆ."

"ಕುದುರೇನೇ ತಿರುಗಿದೆ ಅನ್ಸತ್ತೆ."

"ನಾನು ನಡೆಯೋದು ಕಲಿಯೋಕೆ ಮುಂಚೆ ಕುದುರೆ ಹತ್ತಿದೋನು. ನೀನು ಬಾಲ ಬಿಡಬೇಡ, ಅಷ್ಟು ಮಾಡು ಸಾಕು."

"ಇವಳು ನಮ್ಮನೆಗೆ ಬಂದು ಎರಡೇ ತಿಂಗಳಾಯ್ತಲ್ಲ, ಮಾವ."

ಅವನು ನಡೆಯುತ್ತಲೇ ಇದ್ದ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದನೋ. ಹಿರಿಯನಿಗೆ ಅದೇ ಮಾತನ್ನು ಇನ್ನೊಮ್ಮೆ ಕೂಗಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ತನ್ನದೇ ತಪ್ಪಾಗಿದ್ದರೆ? ನಿಲ್ಲಿಸಿದರೂ ಯಾವ ದಿಕ್ಕಿಗೆ ಹೊರಡುವುದು? ಬಾಲ ಬಿಟ್ಟರೆ ಮಗಳು ಹತ್ತು ಹೆಜ್ಜೆಯಲ್ಲಿ ಆ ಬಿಳುಪಿನೊಳಗೆ ಕರಗಿಹೋಗುತ್ತಾಳೆ. ಅವಳು ಬೆರಳುಗಳನ್ನು ಇನ್ನಷ್ಟು ಬಿಗಿದಳು.

ಬಹಳ ಹೊತ್ತಿನ ಮೇಲೆ ಕುದುರೆ ತಾನಾಗಿ ನಿಂತಿತು. ಸಾದಿರ್ ಕೈಚಾಚಿದ. ಎದೆಯೆತ್ತರದ ಕಲ್ಲಿನ ಗೋಡೆ. ಕುದುರೆ ಮುರುಕು ಗೇಟನ್ನು ಮೂತಿಯಿಂದ ತಳ್ಳಿ ಕೆನೆಯಿತು. ಒಳಗೆ ಯಾರೂ ಇರಲಿಲ್ಲ.

"ಇದು ತೊಕ್ಟೋರನ ದೊಡ್ಡಿ," ಎಂದ ಸಾದಿರ್. ಕುದುರೆಯನ್ನು ಅವನಿಗೆ ಮಾರಿದವನು ತೊಕ್ಟೋರ್. "ತವರಿಗೆ ಬಂದಿದಾಳೆ ಹಾಳಾದೋಳು." ಹಾಗೆಂದವನು ಅಲ್ಲೇ ಹಿಮದಲ್ಲಿ ಕುಸಿದು ಕೂತ. "ನೀನು ಹೇಳಿದ್ದೆ ಕಣಮ್ಮ."

ಅವನು ಬೈದಿದ್ದರೆ ಚೆನ್ನಾಗಿತ್ತು. ಆಸ್ಪತ್ರೆ ಬೆನ್ನ ಹಿಂದೆ, ಬೆಟ್ಟದಾಚೆ ಉಳಿಯಿತು. ಬುರುಲ್ ಫೋನ್ ತೆಗೆದು ನೋಡಿದಳು. ಸಿಗ್ನಲ್ ಇರಲಿಲ್ಲ.

"ಅಮ್ಮಾ," ಕಂಬಳಿಯೊಳಗಿಂದ ಝಿಬೆಕ್ ಕರೆದಳು. "ನೋವು ಹೋಯ್ತು."

"ಏನಂದೆ ಪುಟ್ಟೀ?" ಸಾದಿರ್ ಧಡಕ್ಕನೆ ಎದ್ದ.

"ಹೋಯ್ತು ತಾತ. ಒಂದ್ಸಲಕ್ಕೇ ಹೋಯ್ತು. ಹಸಿವಾಗ್ತಿದೆ."

ಮುದುಕ ನಕ್ಕ, ಅತ್ತ, ಎರಡೂ ಒಟ್ಟಿಗೆ. "ನೋಡಿದ್ಯಾ! ದೇವರು ದೊಡ್ಡವನು! ಸುಮ್ನೆ ಹೆದರಿಸಿಬಿಟ್ಟೆ ನನ್ನ, ಕಳ್ಳಿ!"

ಬುರುಲ್‌ಳ ಅಕ್ಕನಿಗೂ ನೋವು ಹೀಗೆಯೇ ಒಮ್ಮೆಲೇ ನಿಂತಿತ್ತು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಾಗ ಸ್ವಲ್ಪ ಹೊತ್ತು ಹಾಗಿರುತ್ತದೆಂದು ಡಾಕ್ಟರು ಆಮೇಲೆ, ಮಣ್ಣು ಮುಗಿಸಿ ಬಂದವರಿಗೆ ಹೇಳಿದ್ದರು.

ಸಾದಿರ್ ಜೇಬಿನಿಂದ ಒಣಮೊಸರಿನ ಉಂಡೆಯೊಂದನ್ನು ತೆಗೆದು, ಅಂಟಿದ್ದ ನೂಲನ್ನು ಊದಿ, ಮೊಮ್ಮಗಳ ಬಾಯಿಯ ಬಳಿ ಹಿಡಿದ. ಬುರುಲ್ ಅವನ ಮಣಿಕಟ್ಟು ಹಿಡಿದಳು.

"ಯಾಕಮ್ಮ? ಮಗೂಗೆ ಹಸಿವಂತೆ."

ಅವಳು ಇನ್ನೊಂದು ಕೈಯನ್ನು ಕಂಬಳಿಯೊಳಗೆ ತೂರಿಸಿ ಮಗಳ ಹೊಟ್ಟೆಯ ಬಲಗಡೆ ಇಟ್ಟಳು. ಮಾವನ ಕೈಯನ್ನು ಬಿಡಲಿಲ್ಲ.