ಸಾರಿಸಿದ ಒಲೆ

ನಿಮ್ಮ ಮನೆಯ ಗೋಡೆ ಯಾರ ಮನೆಯ ಮಣ್ಣಿನಿಂದ ಎದ್ದಿದೆಯೆಂದು ಎಂದಾದರೂ ಕೇಳಿದ್ದೀರಾ? ಇಟ್ಟಿಗೆ ಗಟ್ಟಿಯಿದೆಯೇ ಎಂದು ತಟ್ಟಿ ನೋಡಿದಿರಿ. ಇದನ್ನು ಮಾತ್ರ ಕೇಳಲಿಲ್ಲ.

ಹರಿಹರದ ಆಚೆ, ತುಂಗಭದ್ರೆಯ ದಂಡೆಯ ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಹೊರುವ ಮೈಲಮ್ಮನೂ ಕೇಳಿದವಳಲ್ಲ. ಭಟ್ಟಿಯ ಹಿಂದಿನ ದಿಬ್ಬಕ್ಕೆ ಹಾಳೂರು ಎನ್ನುತ್ತಿದ್ದರು. ಅಲ್ಲಿನ ಮಣ್ಣಿನಲ್ಲಿ ಬರುವ ಮಡಕೆಚೂರುಗಳನ್ನು ಆರಿಸಿ ಎಸೆಯುವುದು ಅವಳ ಕೆಲಸ. ಒಂದು ಗುರುವಾರ ಅವಳ ಗುದ್ದಲಿಗೆ ಒಲೆಯೇ ಸಿಕ್ಕಿತು. ಪಾತ್ರೆ ಕೂರಿಸುವ ಮೂರು ಉಬ್ಬುಗಳು; ಒಂದರ ಮೇಲೆ ಹಸಿಮಣ್ಣಿಗೆ ಯಾರೋ ಒತ್ತಿದ ನಾಲ್ಕು ಬೆರಳ ಗುರುತು. ಮೈಲಮ್ಮ ತನ್ನ ಬೆರಳಿಟ್ಟು ನೋಡಿದಳು. ಸರಿಯಾಗಿ ಕೂತವು.

ಸುದ್ದಿ ತಿಳಿದು, ಹಾಳೂರುಗಳನ್ನು ಅಭ್ಯಾಸ ಮಾಡುವ ನಯನಾ ದಾವಣಗೆರೆಯಿಂದ ಬಂದಳು. ಸುತ್ತಲ ಮಣ್ಣು ಸರಿಸಿದಾಗ ಬೀಸುವ ಕಲ್ಲೂ ಕಂಡಿತು; ಕಲ್ಲು ಅಲ್ಲಿ, ಒಲೆ ಇಲ್ಲಿ. ಈ ಮನೆಯಾಕೆ ಬೀಸುತ್ತಲೇ ಒಲೆಯ ಮೇಲೊಂದು ಕಣ್ಣಿಟ್ಟಿರುತ್ತಿದ್ದಳು ಎಂದು ತೋರಿಸಿದಳು. ಪಕ್ಕದ ಮಣ್ಣಿನ ಗಾಲಿ ಮಗುವಿನ ಆಟದ ಬಂಡಿಯದಂತೆ. ಅರಸರು ಶಾಸನ ಬರೆಸಿ ಹೋಗುತ್ತಾರೆ, ಇಂಥವರು ಇಷ್ಟನ್ನೇ ಬಿಟ್ಟು ಹೋಗುತ್ತಾರೆ ಎಂದಳು. ಮೈಲಮ್ಮ ಅದನ್ನು ಪಕ್ಕದ ಮನೆಯವಳ ಸುದ್ದಿಯಂತೆ ಕೇಳಿಸಿಕೊಂಡಳು.

ಭಟ್ಟಿಯ ಮಾಲೀಕ ವಾಮದೇವಪ್ಪ ಸೋಮವಾರದವರೆಗೆ ಅಗೆತ ನಿಲ್ಲಿಸಲು ಒಪ್ಪಿದ. ಅಷ್ಟರಲ್ಲಿ ಪುರಾತತ್ವ ಇಲಾಖೆಯ ಅಧಿಕಾರಿಯನ್ನು ಕರೆತಂದು ತೋರಿಸಿದರೆ ದಿಬ್ಬ ಉಳಿದೀತು.

"ಯಾರೂ ಮುಟ್ಟದಂಗೆ ನೋಡ್ಕೊಳ್ರಿ ಅಕ್ಕ" ಎಂದು ಹೇಳಿ ನಯನಾ ಹೊರಟಳು. ಏಕೆಂದು ಹೇಳಲಿಲ್ಲ. ಓದಿದವರು ಎಂದೂ ಬಿಡದ ತಪ್ಪು ಇದು.

ಮೂರು ದಿನ ಮೈಲಮ್ಮ ಒಲೆಯ ಸುತ್ತ ಮುಳ್ಳು ಕಟ್ಟಿ ಕಾದಳು. ಸೋಮವಾರ ಬೆಳಿಗ್ಗೆ, ನೆಂಟರು ಬರುವ ಮನೆಯಲ್ಲಿ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದಳು. ಒಲೆಯ ಬೂದಿಯನ್ನೆಲ್ಲ ಬಳಿದು ತೆಗೆದಳು. ಸಗಣಿ, ಕೆಮ್ಮಣ್ಣು ಕಲಸಿ ಸಾರಿಸಿ, ಮೇಲೆ ವಿಭೂತಿ ಎಳೆದಳು. ನಾಲ್ಕು ಬೆರಳ ಗುರುತು ಕೆಮ್ಮಣ್ಣಿನಡಿ ಮುಚ್ಚಿಹೋಯಿತು. ಭಟ್ಟಿಯಲ್ಲಿ ಬೂದಿಯನ್ನು ಯಾರೂ ಬಿಸಾಡುವುದಿಲ್ಲ. ಮಣ್ಣು ಕಲಸುವ ಗುಂಡಿಗೆ ಸುರಿದಳು.

"ಬರ್ರಿ ಮೇಡಂ, ಯಾರ್ನೂ ಮುಟ್ಟಾಕ ಬಿಟ್ಟಿಲ್ಲ" ಎಂದು ಸೆರಗಿಗೆ ಕೈ ಒರೆಸಿಕೊಂಡಳು.

ಅಧಿಕಾರಿಯೊಡನೆ ಬಂದ ನಯನಾ ಬಗ್ಗಿ ಒಲೆಯೊಳಗೆ ಕೈಯಾಡಿಸಿದಳು. "ಬೂದಿ ಎಲ್ಲಿ ಅಕ್ಕ?"

"ಮಂದಿ ಬರ್ತಾರಂದ್ರೆ ಬೂದಿ ತುಂಬಿದ ಒಲಿ ತೋರ್ಸಾಕ ಆಗ್ತೈತೇನ್ರಿ? ಪಾಪ, ಆಯಮ್ಮನ ಮರ್ಯಾದಿ."

ಬೂದಿಯಲ್ಲಿ ಸುಟ್ಟ ಕಾಳಿರುತ್ತಿದ್ದವು, ಮೀನಿನ ಮುಳ್ಳಿರುತ್ತಿತ್ತು, ಆಯಮ್ಮ ಏನು ಉಂಡಳೆಂದು ಅವೇ ಹೇಳಬೇಕಿತ್ತು ಎಂದು ನಯನಾ ಈಗ ಹೇಳಿದಳು. ಒಲೆಯಲ್ಲಿ ಹೊಸ ಸಗಣಿ ಬೆರೆತಿದೆ, ಇದರ ಮೇಲೆ ಏನೂ ಬರೆಯಲಾಗದು ಎಂದು ಅಧಿಕಾರಿ ಕಡತ ಮುಚ್ಚಿದರು. ಅವರಿಬ್ಬರ ಕಾರು ತಿರುವು ದಾಟುವ ಮೊದಲೇ ಜೆಸಿಬಿ ದಿಬ್ಬದ ಕಡೆ ಹೊರಳಿತು.

"ಒಲಿ ಸಾರ್ಸಿದಿ, ಅನ್ನಕ್ಕೂ ಇಡಾಕಿದ್ದೇನವ್ವ?" ಎಂದ ವಾಮದೇವಪ್ಪ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಮೈಲಮ್ಮ ಗುಂಡಿಗಿಳಿದು ಮೊಣಕೈವರೆಗೆ ಕೆಸರು ಬಗೆದಳು. ಬೂದಿ ಯಾವುದು, ಮಣ್ಣು ಯಾವುದು? ಅರ್ಧಕ್ಕರ್ಧ ಆಗಲೇ ಅಚ್ಚಿನಿಂದ ಇಳಿದು ಬಿಸಿಲಿನಲ್ಲಿ ಸಾಲಾಗಿ ಕೂತಿತ್ತು. ಕೊನೆಯ ಹಸಿ ಇಟ್ಟಿಗೆಯ ಮೇಲೆ ಅವಳು ನಾಲ್ಕು ಬೆರಳು ಒತ್ತಿ ಎದ್ದಳು.

ಆ ಇಟ್ಟಿಗೆಗಳು ಬೆಂದು ಮೊನ್ನೆ ದಾವಣಗೆರೆಗೆ ಹೋದವು. ಗೋಡೆಗೆ ಗಿಲಾವು ಮಾಡಿಸುವ ಮೊದಲು ಒಮ್ಮೆ ಕೈಯಾಡಿಸಿ ನೋಡಿ. ನಾಲ್ಕು ಬೆರಳ ಕುಳಿ ಸಿಕ್ಕರೆ, ಮೇಸ್ತ್ರಿಗೆ ಸ್ವಲ್ಪ ತಡೆಯಲು ಹೇಳಿ.