ಸೆರಗಿನಡಿಯ ದೀಪ

ಕಾಶಿರಾಮ ಹಲಗೆ ಬಾರಿಸುವುದನ್ನು ಬಿಟ್ಟಾಗ ಹುಮನಾಬಾದಿನ ಯೋನಾ ಪಾಸ್ಟರು ಅವನನ್ನು ಸಭೆಯ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಿದ್ದರು. ಊರಿನ ಹೆಣಗಳ ಮುಂದೆ, ಊರಿನ ದೇವರ ಮುಂದೆ ಬಾರಿಸಿ ಬಾರಿಸಿ ದಡ್ಡುಗಟ್ಟಿದ ಕೈಗಳನ್ನು ಮೇಲೆತ್ತಿ, ಇನ್ನು ಈ ಕೈಗಳು ಯೇಸುವಿನವು ಎಂದು ಅವನು ಹೇಳಿದಾಗ ಚರ್ಚಿನ ತಗಡು ಹಾರುವಂತೆ ಹಲ್ಲೆಲೂಯಾ ಎದ್ದಿತ್ತು. ಹೆಂಗಸರ ಕಡೆ ಚಾಪೆಯ ಮೇಲೆ ಕೂತಿದ್ದ ಅವನ ಹೆಂಡತಿ ಗಯಾಬಾಯಿಯೂ ಕಣ್ಣೊರೆಸಿಕೊಂಡಿದ್ದಳು. ಹಲಗೆ ನಿಂತ ಕೂಡಲೆ ಸುಗ್ಗಿಯಲ್ಲಿ ಊರು ಕೊಡುತ್ತಿದ್ದ ಕಾಳೂ ನಿಂತಿತು. ಆ ವರ್ಷವೆಲ್ಲ ಮನೆಯ ಒಲೆ ಉರಿದದ್ದು, ಮಕ್ಕಳ ಹೊಟ್ಟೆ ತುಂಬಿದ್ದು ಗಯಾಬಾಯಿಯ ಸೂಲಗಿತ್ತಿ ಕೆಲಸದಿಂದ. ಸಾಕ್ಷಿಯಲ್ಲಿ ಆ ಮಾತು ಬರಲಿಲ್ಲ.

ದುಬಲಗುಂಡಿ ದಾಟಿದರೆ ಸಿಗುವ ಆ ಊರಿನಲ್ಲಿ ಎಷ್ಟೋ ಕೂಸುಗಳನ್ನು ಲೋಕದಲ್ಲಿ ಮೊದಲು ಮುಟ್ಟಿದ್ದು ಗಯಾಬಾಯಿಯ ಕೈ. ಹೆರಿಗೆಯ ಹೊತ್ತಿಗೆ ಆ ಕೈಗೆ ಮೈಲಿಗೆ ಇರಲಿಲ್ಲ. ಬಾಣಂತಿ ಎದ್ದು ಓಡಾಡತೊಡಗಿದ ಮೇಲೆ ಅದೇ ಕೈಗೆ, ಬಾಯಾರಿದಾಗ, ಅದೇ ಮನೆಯವರು ನೀರನ್ನು ಮೇಲಿನಿಂದ ಸುರಿಯುತ್ತಿದ್ದರು.

ಅದಕ್ಕಿಂತ ಭಾರವಾದದ್ದು ಐದೇಶಿಯ ದೀಪ. ಕೂಸು ಹುಟ್ಟಿದ ಐದನೆಯ ದಿನ ಸಟವಿ ಎಂಬ ದೇವತೆ ಬಂದು ಅದರ ಹಣೆಬರಹ ಬರೆಯುತ್ತಾಳೆಂದು ಬೀಸುವ ಕಲ್ಲಿನ ಮುಂದೆ ಪೂಜೆ ಇಡುತ್ತಿದ್ದರು. ಪೂಜೆ ಮಾಡುವವಳು ಸೂಲಗಿತ್ತಿ. ಮುಗಿದ ಮೇಲೆ ಅಲ್ಲಿ ಉರಿಯುವ ಹಿಟ್ಟಿನ ದೀಪವನ್ನು ಸೆರಗಿನಡಿ ಮುಚ್ಚಿಕೊಂಡು, ಯಾರ ಕಣ್ಣಿಗೂ ಬೀಳದಂತೆ, ಅವಳು ತನ್ನ ಮನೆಗೆ ಒಯ್ಯಬೇಕು. ಕೂಸಿಗೆ ತಗಲಬೇಕಾದ ಪೀಡೆಯೆಲ್ಲ ಆ ದೀಪದ ಬೆನ್ನುಹತ್ತಿ ಹೋಗುತ್ತದೆಂದು ನಂಬಿಕೆ. ಒಯ್ದದ್ದಕ್ಕೆ ಕೇರುವ ಮರದ ತುಂಬ ಜೋಳ, ಒಂದು ಸೀರೆ, ಕುಬಸದ ಖಣ. ದೀಕ್ಷಾಸ್ನಾನವಾದ ಮೇಲೂ ಗಯಾಬಾಯಿ ಬಾಯಿಯೊಳಗೇ ಪ್ರಾರ್ಥನೆ ಮಾಡುತ್ತ ಆ ದೀಪಗಳನ್ನು ಒಯ್ದಿದ್ದಳು.

ಕಲ್ಯಾಣಿ ಪಟ್ಟಣಕ್ಕೆ ಬಸವಕಲ್ಯಾಣ ಎಂದು ಹೆಸರಾಗಿ ಆರೇಳು ವರ್ಷ ಕಳೆದಿರಬೇಕು. ಅಲ್ಲಿಗೆ ಮದುವೆಯಾಗಿ ಹೋಗಿದ್ದ ಲಲಿತಾಬಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಊರಿಗೆ ದೊಡ್ಡ ಮನೆ ಅದು, ತಾಯಿ ಶಕುಂತಲಾಬಾಯಿಯ ಮಾತಿಗೆ ಗಂಡಸರೂ ತಲೆ ಬಾಗಿಸುತ್ತಿದ್ದರು. ಕೂಸು ಕಾಲು ಮುಂದಾಗಿತ್ತು. ಹಗಲೆಲ್ಲ ಹೆಣಗಿ, ಎರಡು ಜೀವವನ್ನೂ ಯೇಸಪ್ಪನ ಕೈಗೆ ಒಪ್ಪಿಸಿ, ಹೊತ್ತು ಮುಳುಗುವ ಮುಂಚೆ ಗಯಾಬಾಯಿ ಗಂಡುಕೂಸನ್ನು ಹೊರಗೆ ತಂದಳು. ಗೋಡೆಗೆ ಒರಗಿ ಕೂತಿದ್ದಾಗ ಪಡಸಾಲೆಯಿಂದ ಶಕುಂತಲಾಬಾಯಿಯ ದನಿ ಕೇಳಿತು. ಬೀಗರಿಗೆ ಸಮಾಧಾನ ಹೇಳುತ್ತಿದ್ದಳು.

“ಏನರೆ ಪೀಡಾ ಇದ್ರೂ ಐದೇಶಿ ದಿನ ಗಯಾ ಒಯ್ತಾಳ ಬಿಡ್ರಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಹಗೆ ಇರಲಿಲ್ಲ. ಕಸ ಯಾರು ಗುಡಿಸುತ್ತಾರೆ ಎಂದು ಹೇಳಿದಷ್ಟೇ ಸಹಜವಾಗಿತ್ತು. ಗಯಾಬಾಯಿಯ ಎದೆಯಲ್ಲಿ ಅದು ಮುಳ್ಳಾಗಿ ನಿಂತಿತು. ಮನೆಗೆ ಬಂದವಳೇ, ಇನ್ನು ಮೇಲೆ ದೀಪ ಒಯ್ಯುವುದಿಲ್ಲ ಎಂದು ಗಂಡನಿಗೆ ಹೇಳಿದಳು.

ಕಾಶಿರಾಮ ಗಾಬರಿಯಾದ. ಆ ಮರದ ಜೋಳ ತಿಂಗಳ ರೊಟ್ಟಿ. ಒಂದು ಮನೆಗೆ ಇಲ್ಲ ಎಂದರೆ ಊರೇ ಕರೆಯುವುದನ್ನು ಬಿಡುತ್ತದೆ.

“ದೀಪ ಅಂದ್ರೇನು, ಹಿಟ್ಟು, ಎಣ್ಣಿ. ಒಯ್ದು ತಿಪ್ಪ್ಯಾಗ ಒಗಿ. ದೇವರು ಮನಸ ನೋಡ್ತಾನ.”

“ನಿಮ್ಮ ಹಲಗೀನೂ ಬರೇ ತೊಗಲೇ ಇತ್ತಲ್ರಿ,” ಎಂದಳು ಗಯಾಬಾಯಿ.

ಉತ್ತರ ತೋಚದ ಗಂಡಂದಿರು ಮಾಡುವುದನ್ನೇ ಕಾಶಿರಾಮ ಮಾಡಿದ, ಹುಮನಾಬಾದಿಗೆ ಹೇಳಿಕಳಿಸಿದ.

ಯೋನಾ ಪಾಸ್ಟರು ಸೈಕಲ್ ತುಳಿದುಕೊಂಡು ಬಂದರು. ಒಳ್ಳೆಯ ಮನುಷ್ಯ, ಗಯಾಬಾಯಿಯ ಕಷ್ಟದಲ್ಲಿ ಮಂಡಿಯೂರಿ ಅತ್ತವರು. ಚಹಾ ಕುಡಿಯುತ್ತ ಮೆಲ್ಲಗೆ ತಿಳಿಹೇಳಿದರು. ಹೆರಿಗೆ ಮಾಡಿಸುವುದು ದೇವರ ಸೇವೆ, ಅದು ಕೈಬಿಟ್ಟುಹೋಗಬಾರದು. ಊರಿನೊಂದಿಗೆ ಈಗಷ್ಟೇ ಸಮಾಧಾನವಾಗಿದೆ, ಮತ್ತೆ ಕೆರಳಿಸುವುದು ಬೇಡ. ಹೆಂಗಸು ತಾಳ್ಮೆಯಿಂದ, ಗಂಡನ ಮಾತಿಗೆ ಬಾಗಿ ನಡೆದರೆ ಅದೇ ದೊಡ್ಡ ಸಾಕ್ಷಿ. ಕಾಶಿರಾಮ ಪ್ರತಿ ಮಾತಿಗೂ ತಲೆಯಾಡಿಸಿದ. ಹಲಗೆ ಬಿಟ್ಟಾಗಲೂ ಊರು ಕೆರಳಿತ್ತು. ಆಗ ಅದಕ್ಕೆ ವಿಶ್ವಾಸ ಎಂದು ಹೆಸರು, ಈಗ ಇದಕ್ಕೆ ಹಟ ಎಂದು ಹೆಸರು.

ಗಯಾಬಾಯಿ ಸೆರಗು ಸರಿಮಾಡಿಕೊಂಡು ಅವರ ಎದುರಿಗೆ ಕೂತಳು.

“ತಲಿ ಮ್ಯಾಲ ನೀರು ಹಾಕೂಮುಂದ ಸೈತಾನನ ಕೆಲಸಾ ಬಿಡ್ತಿಯೇನು ಅಂತ ಇವರಿಗೂ ಕೇಳಿದ್ರಿ, ನನಗೂ ಕೇಳಿದ್ರಿ. ನನಗ ಅರ್ಧಾ ಬಿಡ್ತಿಯೇನು ಅಂತ ಕೇಳಿಲ್ಲ, ಪಾಸ್ಟರ್ರೇ.”

ಪಾಸ್ಟರು ಕಪ್ಪಿನೊಳಗೆ ನೋಡಿದರು. ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ ಎಂದು ಎದ್ದರು. ಮಾಡಿರಿ, ಅದು ಬೇಕೇ ಬೇಕು ಎಂದು ಗಯಾಬಾಯಿ ಕೈಮುಗಿದಳು.

ಐದೇಶಿಯ ದಿನ ಬೆಳಿಗ್ಗೆ ಎಂದಿನಂತೆ ಹೋಗಿ ತಾಯಿಗೂ ಮಗುವಿಗೂ ನೀರೆರೆದು ಬಂದಳು. ಸಂಜೆ ಪೂಜೆಗೆ ಕರೆ ಬಂದಾಗ ಹೋಗಿ ಬಾಣಂತಿ ಕೋಣೆಯ ಬಾಗಿಲಲ್ಲೇ ನಿಂತಳು. ಒಳಗೆ ನೆರೆಯ ಹೆಂಗಸರು ತುಂಬಿದ್ದರು. ಬೀಸುವ ಕಲ್ಲಿನ ಮುಂದೆ ದೀಪ ಹಚ್ಚಿಟ್ಟಿತ್ತು, ಪಕ್ಕದಲ್ಲಿ ಜೋಳ ತುಂಬಿದ ಮರ, ಮೇಲೆ ಹಸಿರು ಸೀರೆ.

“ಅವ್ವಾರ, ಪೂಜಾ ನೀವೇ ಮಾಡ್ಕೋರಿ. ದೀಪ ನಾ ಒಯ್ಯಂಗಿಲ್ಲ.”

ಯಾರೋ ಮುದುಕಿ, ಚರ್ಚಿಗೆ ಹೋದಾಗಿನಿಂದ ಇವಳು ಮೇಡಂ ಆಗಿದ್ದಾಳೆ ಎಂದು ಚುಚ್ಚಿದಳು. ಹೆಂಗಸರು ನಕ್ಕರು. ಶಕುಂತಲಾಬಾಯಿ ನಗಲಿಲ್ಲ. ಇನ್ನೊಂದು ಸೀರೆ ಇಡುತ್ತೇನೆಂದಳು. ಗಯಾಬಾಯಿ ಅಲುಗಲಿಲ್ಲ. ಆಗ ಶಕುಂತಲಾಬಾಯಿಯ ದನಿ ಗಡುಸಾಯಿತು.

“ನಿಮ್ಮ ಧರ್ಮದಾಗ ಪೀಡಾಗೀಡಾ ಎಲ್ಲಾ ಸುಳ್ಳಂತ. ಮತ್ತ ಒಯ್ಯಾಕ ಯಾಕ ಅಂಜ್ತಿ?”

“ಅಂಜಿಕಿ ಇಲ್ರಿ. ಅದ್ರಾಗ ಪೀಡಾ ಇಲ್ಲಂತ ನನಗ ಗೊತ್ತದ. ಆದ್ರ ಅದ ಅಂತ ತಿಳಕೊಂಡೇ ನೀವು ನನ್ನ ಉಡ್ಯಾಗ ಹಾಕ್ತೀರಿ. ನಿಮ್ಮ ಕೂಸು ಉಳೀಲಿ, ಗಯಾನ ಮನ್ಯಾಗಿನ ಕೂಸಿಗಿ ಏನರೆ ಆಗ್ಲಿ. ಹಿಂಗ ಅಲ್ಲೇನ್ರಿ?”

ನಗೆ ನಿಂತಿತು. ಹಾಸಿಗೆಯ ಮೇಲಿದ್ದ ಲಲಿತಾಬಾಯಿ ಕೂಸನ್ನು ಎದೆಗೆ ಅವುಚಿಕೊಂಡು ತಾಯಿಯ ಮುಖ ನೋಡಿದಳು. ಶಕುಂತಲಾಬಾಯಿ ಬಾಗಿಲಿನ ಕಡೆ ಬೆರಳು ತೋರಿಸಿ, ಈ ಮನೆಯ ಹೊಸ್ತಿಲು ನಿನಗೆ ಇವತ್ತಿಗೆ ಮುಗಿಯಿತು ಎಂದಳು.

ಬರಿಗೈಯಲ್ಲಿ ಬಂದವಳನ್ನು ಕಂಡು ಕಾಶಿರಾಮ ತಲೆಯ ಮೇಲೆ ಕೈಹೊತ್ತು ಕೂತ. ನಾಳೆಯಿಂದ ತಿನ್ನುವುದು ಏನನ್ನು ಎಂದ.

“ಮನ್ನಾಏಖೇಳ್ಳಿ ಸಡಕಿನ ಮ್ಯಾಲ ಖಡಿ ಕಲ್ಲು ಒಡ್ಯಾಕ ಆಳು ಬೇಕಂತ. ನಿಮ್ಮ ಕೈ ಯೇಸೂಂದು ಅಂದೀರಲ್ಲ, ಅದೇ ಕೈಲೆ ಒಡೀರಿ. ನಾನೂ ಬರ್ತೀನಿ.”

ಅತ್ತ ದೊಡ್ಡ ಮನೆಯಲ್ಲಿ ದೀಪ ಮುಟ್ಟುವವರೇ ಇರಲಿಲ್ಲ. ಚರ್ಚಿಗೆ ಹೋಗುವ ಗಯಾಬಾಯಿಯ ಓಣಿಯ ಯಾವ ಹೆಂಗಸೂ ಬರಲೊಪ್ಪಲಿಲ್ಲ, ದನ ಕಟ್ಟುವ ಆಳು ನೆವ ಹೇಳಿ ಜಾರಿಕೊಂಡ, ಚುಚ್ಚಿದ ಮುದುಕಿ ಎಲ್ಲರಿಗಿಂತ ಮೊದಲೇ ಮನೆ ಸೇರಿದ್ದಳು. ಯಾರೂ ನೋಡಬಾರದ ದೀಪ ಎಲ್ಲರ ಕಣ್ಣೆದುರೇ ಉರಿದು, ಎಣ್ಣೆ ತೀರಿ, ಬಾಣಂತಿ ಕೋಣೆಯಲ್ಲೇ ಆರಿತು. ಬೆಳಗಾದಾಗ ಕೂಸು ಹಾಲು ಬೇಕೆಂದು ಮನೆ ಹಾರುವಂತೆ ಅಳುತ್ತಿತ್ತು. ಓಣಿಗೆಲ್ಲ ಕೇಳಿತು.

ಗಯಾಬಾಯಿ ಎಂದಿನ ಹೊತ್ತಿಗೆ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಶಕುಂತಲಾಬಾಯಿ ಅಡ್ಡ ಬಂದು ನಿಂತಳು. ನಿದ್ದೆಯಿಲ್ಲದ ಕಣ್ಣುಗಳು ಕೆಂಪಾಗಿದ್ದವು.

“ಯಾಕ ಬಂದಿ? ಮರ ಕೊಡಂಗಿಲ್ಲ ನಾ.”

“ಬ್ಯಾಡ್ರಿ. ದೀಪಾ ಬ್ಯಾಡಂದೀನಿ, ಕೂಸು ಬ್ಯಾಡಂದಿಲ್ಲ. ಹೊಕ್ಕಳಾ ಇನ್ನಾ ಉದುರಿಲ್ಲ ಅದರದು. ನೀರು ಕಾಸ್ರಿ.”

ಶಕುಂತಲಾಬಾಯಿ ಸರಿಯಲಿಲ್ಲ. ಗಯಾಬಾಯಿಯೂ ಸರಿಯಲಿಲ್ಲ. ಬೈದರೆ ಕೇಳಿಸಿಕೊಳ್ಳುವುದು, ತಳ್ಳಿದರೆ ನಾಳೆ ಮತ್ತೆ ಬರುವುದು, ಇಷ್ಟನ್ನು ಅವಳು ದಾರಿಯಲ್ಲೇ ನಿಶ್ಚಯಿಸಿಕೊಂಡು ಬಂದಿದ್ದಳು.

“ಅವ್ವಾ,” ಒಳಗಿನಿಂದ ಲಲಿತಾಬಾಯಿಯ ದನಿ ಬಂತು, “ಆಕಿಗಿ ಒಳಗ ಬಿಡು.”

ಶಕುಂತಲಾಬಾಯಿ ತಿರುಗಿ ಬಚ್ಚಲಿಗೆ ಹೋದಳು. ಹಂಡೆಯ ಮುಚ್ಚಳ ಸರಿಸಿದ ಸದ್ದಾಯಿತು. ಗಯಾಬಾಯಿ ಹೊಸ್ತಿಲು ದಾಟಿ, ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿಗೆ ಏರಿಸಿ, ಕೂಸಿಗಾಗಿ ಎರಡೂ ಕಾಲು ಚಾಚಿದಳು.